ಬಾಯಿ ತುಂಬ ಗುಂಡುಸೂಜಿ

ದರ್ಜಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆವತ್ತಿನ ಫಜೀತಿಗೆಲ್ಲ ಕಾರಣ ಆ ಬಾಯಿಯೇ.

ಅವನ ಮಗಳಿಗೆ ಎಂಟು ವರ್ಷ. ಅಕ್ಷರಗಳು ಅವಳಿಗೆ ಬೇಗ ಒಲಿಯುವುದಿಲ್ಲ. ಕಣ್ಣೆದುರಿಗೇ ಜಾಗ ಬದಲಿಸಿ ಸತಾಯಿಸುತ್ತವೆ. ಈ ಮಗುವಿಗೆ ಓದು ಹತ್ತುವುದಿಲ್ಲ ಎಂದು ಉಳಿದವರೆಲ್ಲ ಕೈಚೆಲ್ಲಿದಾಗ ಕೈಹಿಡಿದವರು ಶಾಲೆಯ ವಿಶೇಷ ಟೀಚರ್. ಗುಂಡಿಗಳನ್ನು ರಾಶಿ ಹಾಕಿ ಕೂಡುವುದು, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುವುದು, ಎಲ್ಲ ಅವರು ಹೇಳಿಕೊಟ್ಟದ್ದೇ. ಆ ಮಹಾತಾಯಿಯನ್ನು ನೆನೆಯದೆ ದರ್ಜಿ ಹೊಲಿಗೆ ಯಂತ್ರ ಮುಟ್ಟುತ್ತಿರಲಿಲ್ಲ. ಅವರ ಒಂದು ನಿಯಮ ಮಾತ್ರ ಅವನಿಗೆ ಜೀರ್ಣವಾಗಿರಲಿಲ್ಲ: ಮಗು ಓದುವಾಗ ತಡವರಿಸಿದರೆ ದೊಡ್ಡವರು ಬಾಯಿಬಿಡಕೂಡದು.

ಅಂದು ಶಾಲೆಗೆ ರಜೆ. ಸಂಜೆ ಟೀಚರ್ ಮನೆಗೇ ಬಂದು, ಓದಿಸಿ ನೋಡಿ, ಅವಳು ಇನ್ನು ಎಲ್ಲ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಕೂರಬಹುದೋ ಇಲ್ಲವೋ ಹೇಳುವವರಿದ್ದರು. ಮಗಳು ಆಗಲೇ ಗೆಳತಿಯ ಪಕ್ಕ ತನಗೊಂದು ಜಾಗ ಹಿಡಿದಿಡಲು ಹೇಳಿಬಿಟ್ಟಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಿಗ್ಗೆ ಅಲ್ಲೇ ಅಭ್ಯಾಸಕ್ಕೆ ಕೂತರು.

"ನ... ದಿ..." ಎಂದು ಮಗಳು ನಿಂತಳು.

"ನದಿಯ ದಡದಲ್ಲಿ," ಎಂದ ದರ್ಜಿ.

ಮಗಳು ಪುಸ್ತಕ ಮುಚ್ಚಿ ಅವನ ತೊಡೆಯ ಮೇಲಿಟ್ಟಳು. "ನೀನೇ ಓದಪ್ಪ. ನಾಳೆ ನೀನೇ ಹೋಗಿ ನನ್ನ ಗೆಳತಿ ಪಕ್ಕ ಕೂತ್ಕೋ."

ದರ್ಜಿಯ ಮುಖ ಸಣ್ಣದಾಯಿತು. ಯೋಚಿಸಿ ಯೋಚಿಸಿ, ಕೊನೆಗೆ ಒಂದು ಸಾಲು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡ. ಗಿರಾಕಿಯ ಮೈಮೇಲೆ ಬಟ್ಟೆ ಸರಿಮಾಡುವಾಗ ಹಾಗೆ ಕಚ್ಚಿಕೊಳ್ಳುವುದು ಅವನಿಗೆ ರೂಢಿ; ಎಚ್ಚರವಿದ್ದಾಗ ಅವನು ಸುಮ್ಮನಿರುತ್ತಿದ್ದುದು ಆಗ ಮಾತ್ರ. ಉಪಾಯ ಫಲಿಸಿತು. ಮಗಳು ತಡವರಿಸಿದಳು, ಕಾದಳು, ತಾನೇ ಓದಿದಳು. ಅವನು ಖುಷಿಯಿಂದ ತಲೆಯಾಡಿಸಿದ.

ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಿದ್ದ ಒಬ್ಬ ಹೋಟೆಲ್ ಮ್ಯಾನೇಜರ್ ಬಾಗಿಲಿಗೆ ಬಂದು ನಿಂತರು. "ನನ್ನ ಕೋಟು ಇವತ್ತೇ ಸಿಗುತ್ತಲ್ವಾ?"

ಮಗಳು ಇನ್ನೊಂದು ಪದ ಗೆದ್ದಳು. ದರ್ಜಿ ತಲೆಯಾಡಿಸಿದ.

"ಸಂಜೆ ನಾಲ್ಕಕ್ಕೆ?"

ಮತ್ತೊಂದು ಪದ. ಮತ್ತೆ ತಲೆಯಾಡಿತು.

"ಒಳಗಡೆ ಜೇಬು ಹೆಚ್ಚಿಗೆ ಕೇಳಿದ್ದೆ, ಅದೂ ಆಗುತ್ತೆ ತಾನೆ?"

ಇಡೀ ವಾಕ್ಯವೇ ಮುಗಿದಿತ್ತು. ದರ್ಜಿ ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದ. ಕೆಲಸದಲ್ಲಿ ಇಷ್ಟು ಶ್ರದ್ಧೆ ಇರುವವರನ್ನು ತಾವು ಕಂಡೇ ಇಲ್ಲ ಎಂದು ಹೇಳಿ ಮ್ಯಾನೇಜರ್ ಹೊರಟುಹೋದರು. ಕೋಟಿನ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರಲಿಲ್ಲ.

ದರ್ಜಿ ಬಿದ್ದೆನೋ ಎದ್ದೆನೋ ಎಂದು ಹೊಲಿಯಲು ಕೂತ. ಸಂಜೆ ಟೀಚರ್ ಬರುವ ಸುದ್ದಿ ತಿಳಿದು ಮಹಡಿ ಮನೆಯ ನಿವೃತ್ತ ಮೇಷ್ಟ್ರು ಸಹಾಯಕ್ಕೆ ಇಳಿದು ಬಂದರು. ಮಗಳು ಒಂದು ಪದ ಓದುವಷ್ಟರಲ್ಲಿ ಅವರು ಪುಟವನ್ನೇ ಮುಗಿಸಿ, ಅರ್ಥವನ್ನೂ ಹೇಳಿದರು. ಪಕ್ಕದ ಮನೆಯ ಅತ್ತೆ ಕಿಟಕಿಯಿಂದಲೇ ಚಿತ್ರ ನೋಡಿ ಪದ ಊಹಿಸುತ್ತಿದ್ದರು. ಅಲ್ಲಿದ್ದದ್ದು ಮೊಸಳೆ, ಅವರು ಹೇಳಿದ್ದು ಹಲ್ಲಿ.

"ಮೇಷ್ಟ್ರೇ, ಸ್ವಲ್ಪ ಸುಮ್ನಿರಿ," ಎಂದ ದರ್ಜಿ, ಸೂಜಿಗಳನ್ನು ತೆಗೆದು.

"ಜೀವಮಾನವೆಲ್ಲ ಪಾಠ ಮಾಡಿದ ಬಾಯಿ ಕಣಯ್ಯ. ಅದು ನನ್ನ ಮಾತೇ ಕೇಳಲ್ಲ," ಎಂದರು ಮೇಷ್ಟ್ರು ದೈನ್ಯದಿಂದ.

ಬೇರೆ ದಾರಿ ಕಾಣದೆ ದರ್ಜಿ ಇಬ್ಬರಿಗೂ ಕೋಟಿನ ದೊಡ್ಡ ಗುಂಡಿ ಒಂದೊಂದನ್ನು ತುಟಿಯಲ್ಲಿ ಕಚ್ಚಿಕೊಳ್ಳಲು ಕೊಟ್ಟು, ತಾನು ಮತ್ತೆ ಸೂಜಿಗಳನ್ನು ಕಚ್ಚಿಕೊಂಡ.

ನಾಲ್ಕಕ್ಕೆ ಟೀಚರ್ ಬಂದರು. ಅವರ ಬೆನ್ನಿಗೇ ಮ್ಯಾನೇಜರ್. ಕೋಟಿಗೆ ಆಗ ಒಂದೇ ತೋಳು.

"ಏನ್ರೀ ಇದು..." ಎಂದು ಮ್ಯಾನೇಜರ್ ಶುರುಮಾಡುವಷ್ಟರಲ್ಲಿ ಮಗಳು ಅವರ ಕೈಗೂ ಒಂದು ಗುಂಡಿ ಇಟ್ಟಳು. "ಅಂಕಲ್, ಕಚ್ಕೊಳ್ಳಿ. ನಾನು ಓದ್ಬೇಕು."

ಅವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಉಳಿದವರನ್ನು ನೋಡಿ ಕಚ್ಚಿಕೊಂಡರು. ಕೋಣೆಯಲ್ಲಿ ಖಾಲಿ ಇದ್ದದ್ದು ಟೀಚರ್ ಬಾಯಿ, ಮಗಳ ಬಾಯಿ ಮಾತ್ರ.

ಮಗಳು ಓದಿದಳು. ನಡುವೆ ಒಂದು ಕಡೆ ನಿಂತೇಬಿಟ್ಟಳು. ಮೇಷ್ಟ್ರ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅತ್ತೆ ಕೈ ಹಿಸುಕಿಕೊಳ್ಳುತ್ತಿದ್ದರು. ದರ್ಜಿಗೆ ಆ ಪದ ಗಂಟಲವರೆಗೆ ಬಂದು ಸೂಜಿಗಳ ಹಿಂದೆ ನಿಂತಿತ್ತು. ಆಮೇಲೆ ಅವಳೇ ಅದನ್ನು ಓದಿದಳು, ಮುಂದೆ ಹೋದಳು, ಪುಟ ಮುಗಿಸಿದಳು.

ಟೀಚರ್ ದರ್ಜಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಾಳೆಯಿಂದ ಅವಳು ಎಲ್ಲರ ಜೊತೆ ಕೂರ್ತಾಳೆ. ಅವಳಿಗೆ ಓದೋಕೆ ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ನಾನು ಪರೀಕ್ಷೆ ಮಾಡೋಕೆ ಬಂದದ್ದು ನಿಮ್ಮನ್ನ. ಮನೇಲಿ ಅವಳ ಬದಲು ನೀವೇ ಓದ್ಬಿಡ್ತೀರೇನೋ ಅಂತ ಭಯ ಇತ್ತು. ಪಾಸಾದ್ರಿ."

ದರ್ಜಿಯ ಎದೆ ತುಂಬಿ ಬಂತು. ಈಕೆ ಇಲ್ಲದಿದ್ದರೆ ತನ್ನ ಮಗಳ ಗತಿ ಏನಾಗುತ್ತಿತ್ತೋ ಎನ್ನಿಸಿ, ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಸೂಜಿಗೆ ಕೈಹಾಕಿದ. ಆಗಲೇ ಮಗಳು, ಯಾರೂ ಹೇಳದೆ, ಪುಟ ತಿರುಗಿಸಿ ಮುಂದಿನದನ್ನು ಓದತೊಡಗಿದಳು. ಅವನ ಕೈ ಕೆಳಗಿಳಿಯಿತು.

"ಇಷ್ಟು ಜನ ದೊಡ್ಡವರು ಸುಮ್ನಿರೋ ಮನೇನ ನಾನು ನೋಡೇ ಇಲ್ಲ," ಎಂದರು ಟೀಚರ್. "ಉಳಿದ ಮಕ್ಕಳ ಅಪ್ಪ ಅಮ್ಮಂದಿರನ್ನ ದಿನಾ ಸಂಜೆ ನಿಮ್ಮ ಹತ್ರ ಕಳಿಸ್ತೀನಿ. ಇದು ಹೇಗೆ ಅಂತ ನೀವೇ ಕಲಿಸ್ಬೇಕು. ತೊಂದರೆ ಇದ್ರೆ ಈಗ್ಲೇ ಹೇಳ್ಬಿಡಿ."

ದಿನಾ ಸಂಜೆ. ಅತ್ತ ಮ್ಯಾನೇಜರ್ ಗುಂಡಿ ಕಚ್ಚಿಕೊಂಡೇ ಒಂಟಿ ತೋಳಿನ ಕೋಟನ್ನೂ ಗಡಿಯಾರವನ್ನೂ ತೋರಿಸುತ್ತಿದ್ದರು. ಹೇಳುವುದು ದರ್ಜಿಯ ಬಳಿ ಬೇಕಾದಷ್ಟಿತ್ತು. ಆದರೆ ಮಗಳು ಒಂದು ಉದ್ದನೆಯ ಪದದ ಮುಂದೆ ನಿಂತಿದ್ದಳು.

"ತುಂಬಾ ಉಪಕಾರವಾಯ್ತು," ಎಂದು ಟೀಚರ್ ಚಪ್ಪಲಿ ಮೆಟ್ಟಿ ಹೊರಟರು. ಮಗಳು ಆ ಪದವನ್ನು ಓದಿ ಮುಗಿಸುವ ಹೊತ್ತಿಗೆ ಅವರು ಬೀದಿಯ ತಿರುವು ದಾಟಿಯಾಗಿತ್ತು.