ಗುಡ್ಡ ಎನ್ನಲಾರದ ಶೆಟ್ಟೆವ್ವನ ಪರವಾಗಿ, ಯಾದಿಯ ಸಾಹೇಬರಿಗೆ

ಮತದಾರರ ಯಾದಿ ಬರೆಯುವ ನೆಪದಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಗಳ ಧೂಳನ್ನು ತಮ್ಮ ಬೂಟುಗಳಿಂದ ಪಾವನಗೊಳಿಸುತ್ತಿರುವ ಗುಮಾಸ್ತ ಸಾಹೇಬರ ಸನ್ನಿಧಾನಕ್ಕೆ, ದಡ್ಡಿಯ ಆಚೆಗಿನ ಸಣ್ಣ ಹಳ್ಳಿಯೊಂದರಿಂದ ಕೈಮುಗಿದು ಬರೆದುಕೊಳ್ಳುವುದೇನೆಂದರೆ:

ಮಾನ್ಯರೇ, ಇತ್ತ ಎಲ್ಲರೂ ಕ್ಷೇಮ. ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮ ರಾಚಪ್ಪನವರಂತೂ ತಮ್ಮ ಕೃಪೆಯಿಂದ ಯಾದಿಯಲ್ಲಿ ನಲವತ್ತೆರಡನೆಯವರಾಗಿ ಅತ್ಯಂತ ಕ್ಷೇಮವಾಗಿದ್ದಾರೆ. ಬದುಕಿರುವ ಶೆಟ್ಟೆವ್ವನ ಹೆಸರು ಮಾತ್ರ ಅದರಲ್ಲಿಲ್ಲ. ಸ್ವರಾಜ್ಯ ಬಂದ ಮೇಲೆ ಮೊದಲ ಸಲ ಓಟು ಹಾಕುವುದೆಂದು ಆಕೆ ಟ್ರಂಕಿನಲ್ಲಿದ್ದ ಇಳಕಲ್ ಸೀರೆಯನ್ನು ತೆಗೆದು ಬಿಸಿಲಿಗೆ ಹಾಕಿದ್ದಳು. ಅದೀಗ ಮತ್ತೆ ಟ್ರಂಕು ಸೇರಿದೆ. ತಕರಾರು ಹೇಳಿಕೊಳ್ಳಲು ಇನ್ನು ಹನ್ನೊಂದೇ ದಿನ ಉಳಿದಿರುವುದರಿಂದ ಈ ಪತ್ರವನ್ನು ಲಕೋಟೆಯಲ್ಲಿಡದೆ ಪತ್ರಿಕೆಗೇ ಕೊಡಬೇಕಾಯಿತು, ಕ್ಷಮೆಯಿರಲಿ.

ಆ ದಿನ ತಾವು ಚಾವಡಿಯಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದಿರಿ. ಗಂಡ ಗೋಕಾಕದ ಕಡೆ ಗಿರಣಿಯಲ್ಲಿ ದುಡಿಯುತ್ತಿದ್ದು ಅಮಾವಾಸ್ಯೆಗೊಮ್ಮೆ ಊರಿಗೆ ಬರುವವನಾದ್ದರಿಂದ ಶೆಟ್ಟೆವ್ವ ಒಬ್ಬಳೇ ಬಂದಳು. ತನ್ನ ಹೆಸರು ಹೇಳಿದಳು, ವಯಸ್ಸು ಹೇಳಿದಳು. ತಾವು ಗಂಡನ ಹೆಸರು ಕೇಳಿದಿರಿ; ಸೆರಗು ಬಾಯಿಗೆ ಹೋಯಿತು. ಓಣಿ ಯಾವುದೆಂದು ಕೇಳಿದಿರಿ; ಸೆರಗು ಅಲ್ಲೇ ಉಳಿಯಿತು. "ಇರೋ ಓಣಿನೂ ಗೊತ್ತಿಲ್ಲೇನವಾ ನಿನಗ?" ಎಂದು ತಾವು ಕನಿಕರಪಟ್ಟಿರಿ.

ಗೊತ್ತಿದೆ, ಸಾಹೇಬರೇ. ಗಂಡ ಗುಡ್ಡಪ್ಪ, ಇರುವುದು ಗುಡ್ಡದ ಓಣಿ. ಗಂಡನ ಹೆಸರನ್ನಷ್ಟೇ ಅಲ್ಲ, ಅದರ ದನಿ ಬರುವ ಇನ್ನೊಂದು ಮಾತನ್ನೂ ಆಡಬಾರದೆಂಬುದು ನಮ್ಮ ಹೆಣ್ಣುಮಕ್ಕಳ ಕಾಯಿದೆ. ತಮ್ಮ ಸರಕಾರದ ಕಾಯಿದೆಗಿಂತ ಹಳೆಯದು, ಅದಕ್ಕಿಂತ ಹೆಚ್ಚು ನಡೆಯುವಂಥದು. ಇಪ್ಪತ್ತೆರಡು ವರ್ಷದಿಂದ ಹಿತ್ತಲಿಗೆ ಅಂಟಿಕೊಂಡೇ ಇರುವ ಗುಡ್ಡ ಶೆಟ್ಟೆವ್ವನ ಬಾಯಲ್ಲಿ "ಆ ಎತ್ತರಂದು". ಮಾವ ಲಗಮಣ್ಣ, ಆದಕಾರಣ ಆಕೆ ಯಾರ ಲಗ್ನಕ್ಕೂ ಹೋದವಳಲ್ಲ, ಅಕ್ಕಿಕಾಳಿಗೆ ಹೋಗಿಬರುತ್ತಾಳೆ. ಮಕ್ಕಳನ್ನು ಊರವರೆಲ್ಲ "ಲಗೂ ಬಾ" ಎಂದು ಕೂಗಿದರೆ ಈಕೆ "ಜಲ್ದಿ ಬಾ" ಎನ್ನುತ್ತಾಳೆ. ನೆರೆಮನೆಯ ಸಾತವ್ವನ ಗಂಡ ಭೀಮರಾಯ. ಕಳೆದ ಆಷಾಢದಲ್ಲಿ ಆಕೆ ಪಂಢರಪುರಕ್ಕೆ ಹೋಗಿಬಂದು "ನಮ್ಮನಿಯವರ ಹೊಳಿಯಾಗ ಝಳಕ ಮಾಡಿ ಬಂದ್ನಿ" ಎಂದಳು, ಮುಂಬಯಿ ಸರಕಾರದ ಒಂದಿಡೀ ನದಿಯನ್ನು ಕಾಗದಪತ್ರವಿಲ್ಲದೆ ಗಂಡನ ವಶಕ್ಕೆ ಕೊಟ್ಟು ಬಂದಳು. ಹೀಗೆ ಒಂದು ಹೆಸರನ್ನೂ ಅದರ ನೆಂಟರಿಷ್ಟರಾದ ಶಬ್ದಗಳನ್ನೂ ದಿನಕ್ಕೆ ನೂರು ಸಲ ಗುರುತು ಹಿಡಿದು, ನೂರು ಸಲ ಬಳಸಿಕೊಂಡು ನಡೆಯುವವಳನ್ನು ಹೆಸರೇ ಗೊತ್ತಿಲ್ಲದವಳೆಂದು ತೀರ್ಮಾನಿಸಲು ಸಾಮಾನ್ಯ ಬುದ್ಧಿ ಸಾಲದು, ತಮ್ಮದೇ ಬೇಕು.

ಈ ಕಾಯಿದೆಯಲ್ಲೂ ಒಂದು ಸಡಿಲಿಕೆಯಿದೆ. ಒಡಪು ಕಟ್ಟಿ, ಪ್ರಾಸದ ಬೆನ್ನಿಗೆ ಹೆಸರನ್ನು ಕೂರಿಸಿ ಹೇಳಿದರೆ ದೋಷವಿಲ್ಲ. ತಮ್ಮ ಮೇಲಿನ ಗೌರವಕ್ಕೆ, ಲಗ್ನದ ಚಪ್ಪರದಲ್ಲಿ ಹೇಳುವುದನ್ನು ಶೆಟ್ಟೆವ್ವ ಚಾವಡಿಯಲ್ಲಿ, ಇಡೀ ಊರಿನ ಎದುರು ಹೇಳಿದಳು:

"ಬಿಳಿ ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ ದಪ್ಪ,
ಹೊಳಿ ದಾಟಿಸಿ ಕರತಂದಾರ ಗುಣವಂತ ಗುಡ್ಡಪ್ಪ."

ಹೆಂಗಸರು ಚಪ್ಪಾಳೆ ತಟ್ಟಿದರು. ತಾವು ಮಾತ್ರ ಲೇಖನಿ ಎತ್ತಲಿಲ್ಲ. "ಹಾಡು ಬ್ಯಾಡ, ಹೆಸರಷ್ಟ ಹೇಳು" ಎಂದಿರಿ. "ಹೇಳಿದ್ನೆಲ್ರೀ ಸಾಹೇಬ್ರ, ಈಗರ!" ಎಂದಳು. "ಹಾಡಿದ್ದು ಹೇಳಿಕಿ ಆಗೂದಿಲ್ಲ" ಎಂದು ತೀರ್ಪಿತ್ತು, ಯಾದಿಯಲ್ಲಿ ಗಂಡನಿಗೂ ಓಣಿಗೂ ಗೆರೆ ಎಳೆದಿಟ್ಟ ಎರಡೂ ಮನೆಗಳಲ್ಲಿ ಮುತ್ತಿನಂಥ ಅಕ್ಷರಗಳಿಂದ 'ಹೇಳಲಿಲ್ಲ, ಹೇಳಲಿಲ್ಲ' ಎಂದು ಬರೆದು ಆಕೆಯ ಸಾಲನ್ನು ಹೊಡೆದುಹಾಕಿದಿರಿ. ಅಕ್ಷರ ನಿಜಕ್ಕೂ ಸುಂದರವಾಗಿದೆ.

ಆಗ ಮುದುಕಿ ಚನ್ನವ್ವ ತಡೆಯಲಾರದೆ, "ಅಲ್ರೀ, ನಿಮ್ಮ ಹೇಣ್ತಿ ಹೆಸರೇನ್ರೀ?" ಎಂದು ಕೇಳಿದಳು. ತಮ್ಮ ಕಿವಿ ಕೆಂಪಾದದ್ದನ್ನು ನಾವೆಲ್ಲ ನೋಡಿದೆವು. "ನಮ್ಮ ಮಂಡಳಿ ಮೂಡಲಗ್ಯಾಗ ಇರ್ತಾರ" ಎಂದಿರಿ. ಹೆಂಡತಿಯ ಹೆಸರೆತ್ತದೆ ಮಂಡಳಿ ಎನ್ನುವುದು ಮರಾಠಿ ಬಲ್ಲ ಸಭ್ಯರ ರೂಢಿಯೆಂದು ನಾನು ವಿವರಿಸಿದರೂ ಚನ್ನವ್ವ ಬಿಡಲಿಲ್ಲ: "ಒಬ್ಬಾಕಿನ ಒಂದು ಮಂಡಳಿ ಆದ್ರ, ಆ ತಾಯಿಗೆ ಎಷ್ಟ ಓಟು ಕೊಟ್ಟೀರಿ?"

ಆದ್ದರಿಂದ ತಮ್ಮಲ್ಲಿ ಅರಿಕೆ. ಒಂದೋ ಸರಕಾರಿ ಹುಕುಮು ಹೊರಡಿಸಿ ಶೆಟ್ಟೆವ್ವನ ಹಿತ್ತಲಿನ ಗುಡ್ಡವನ್ನು ಬೇರೆ ತಾಲೂಕಿಗೆ ವರ್ಗ ಮಾಡಬೇಕು. ಇಲ್ಲವೇ ಗುಡ್ಡಪ್ಪನಿಗೆ ಯಾವ ಮಾತನ್ನೂ ಹೋಲದ, ಕಚೇರಿಯ ನಡಾವಳಿಯಲ್ಲಿ ಪಾಸಾದ ಒಂದು ಹೊಸ ಹೆಸರನ್ನಿಟ್ಟು ನಾಮಕರಣಕ್ಕೆ ತಾವೇ ಬರಬೇಕು. ಅದೂ ಆಗದಿದ್ದರೆ ಯಾದಿಯಲ್ಲಿ ಗಂಡನ ಹೆಸರಿನ ಮನೆಯನ್ನು ಬೆಣ್ಣೆ ರೊಟ್ಟಿ ಹಿಡಿಯುವಷ್ಟು ಅಗಲ ಮಾಡಿಸಬೇಕು. ಇದಾವುದೂ ಅನುಕೂಲವಿಲ್ಲವೆಂದಾದರೆ, ಸ್ವರ್ಗಸ್ಥ ರಾಚಪ್ಪನವರು ಚಾವಡಿಗೆ ಬಂದು ತಮಗೆ ಹೆಸರು, ಓಣಿ ಎಲ್ಲ ಹೇಳಿ ಹೋದ ಉಪಾಯವನ್ನಾದರೂ ಶೆಟ್ಟೆವ್ವನಿಗೆ ಕಲಿಸಿಕೊಡಬೇಕು.

ಯಾದಿಯಲ್ಲಿ ಸದ್ಯ ಹೆಸರಿರುವ, ಈ ಪತ್ರದ ನಂತರ ಉಳಿಯುವ ಭರವಸೆಯಿಲ್ಲದ,
ತಮ್ಮ ವಿಶ್ವಾಸಿ,
ಧರಣೇಂದ್ರ ಚೌಗಲಾ

ಬರೆಯಲು ಮರೆತದ್ದು: ಬರುವ ಬುಧವಾರ ಸಂಕೇಶ್ವರದ ಮೋಟಾರು ಹಿಡಿದು ಶೆಟ್ಟೆವ್ವ, ಸಾತವ್ವ, ಚನ್ನವ್ವ ಸೇರಿ ಹದಿನಾಲ್ಕು ಹೆಂಗಸರು ತಮ್ಮ ಕಚೇರಿಗೆ ಬರುತ್ತಿದ್ದಾರೆ. ಹೊಸ ಜೋಡಿಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಇಬ್ಬರೂ ಒಡಪಿನಲ್ಲಿ ಹೆಸರು ಹೇಳುವ ತನಕ ದಾರಿ ಬಿಡದಿರುವುದು ನಮ್ಮ ಕಡೆಯ ಶಾಸ್ತ್ರವೆಂದು ತಮಗೆ ತಿಳಿದೇ ಇದೆ. ತಾವು ಮಂಡಳಿಯ ಹೆಸರು ಹೇಳಿದ ಕೂಡಲೇ ಶೆಟ್ಟೆವ್ವ ಗಂಡ, ಓಣಿ ಎರಡನ್ನೂ ಸೇರಿಸಿ ಹೊಸದೊಂದು ಒಡಪು ಹೇಳುವಳು, ತಾವು ಬರೆದುಕೊಳ್ಳುವಿರಿ. ಅವರು ಎರಡು ದಿನದ ಬುತ್ತಿ ಕಟ್ಟಿಕೊಳ್ಳುತ್ತಿದ್ದಾರೆ. ತಮ್ಮ ಕಚೇರಿಗೆ ಎಷ್ಟು ಬಾಗಿಲೆಂದು ಚನ್ನವ್ವ ವಿಚಾರಿಸಿಕೊಂಡು ಬಂದಿದ್ದಾಳೆ; ಒಂದೇ ಅಂತೆ.