ನಮ್ಮತ್ತೆ ಸಮುದ್ರವನ್ನು ಬೈದದ್ದು

ಸಮುದ್ರವನ್ನು ಬೈದು ಹಿಂದೆ ಕಳಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಜೊತೆ ಒಂದೇ ಒಲೆಯಲ್ಲಿ ಅಡುಗೆಯನ್ನೂ ಮಾಡಿದ್ದೇನೆ. ಅವರು ನಮ್ಮತ್ತೆ, ನನ್ನ ಗಂಡನ ತಾಯಿ!

ರಾಜ್ಯ ಒಂದಾದ ಹೊಸದರಲ್ಲಿ ಮೇಷ್ಟರಾಗಿದ್ದ ನಮ್ಮವರಿಗೆ ಕಾರವಾರದ ಕಡೆಯ ಒಂದು ಮೀನುಗಾರರ ಹಳ್ಳಿಗೆ ವರ್ಗವಾಯಿತು. ನಾನು ಆನವಟ್ಟಿಯ ಹುಡುಗಿ, ಅತ್ತೆ ಈಸೂರ ಕಡೆಯವರು. ಇಬ್ಬರೂ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ನಾನು ಬಸುರಿ ಎಂದು ತಿಳಿದದ್ದೇ ತಡ, ಅತ್ತೆ ಜೋಳದ ಚೀಲ ಕಟ್ಟಿಕೊಂಡು ಹೊರಟೇಬಿಟ್ಟರು.

ಆ ಹಳ್ಳಿಗೆ ಹೊಳೆ ದಾಟಿ ಹೋಗಬೇಕು. ದೋಣಿಯಲ್ಲಿ ಅತ್ತೆ ಕಣ್ಣು ಮುಚ್ಚಿದವರು ದಡದಲ್ಲೇ ತೆರೆದದ್ದು. "ಇನ್ನು ಜನ್ಮದಾಗ ಇದನ್ನ ಹತ್ತಂಗಿಲ್ಲ!"

"ಮತ್ತೆ ಊರಿಗೆ ಹೋಗೋದು ಹೇಗವ್ವಾ?" ಎಂದರು ನಮ್ಮವರು.

"ಸೇತುವೆ ಕಟ್ಟಲಿ. ಅಲ್ಲೀತನಕ ಇಲ್ಲೇ ಇರ್ತೀನಿ!"

ಮರುದಿನ ಸಮುದ್ರ ತೋರಿಸಿದೆವು. ಬೆರಗಾಗಲಿಲ್ಲ, ಸಿಟ್ಟಾದರು. "ಇಷ್ಟು ನೀರು ಐತಿ, ಒಂದು ಗದ್ದೆಗೂ ಬಿಡಂಗಿಲ್ಲ ಅಂದ್ರೆ ಏನು ಚೆಂದ?" ಎಂದು ಕೈ ಬೀಸಿ ಬೈದರು. ಇಳಿತದ ಹೊತ್ತೇನೋ, ನೀರು ಸರಿಯುತ್ತಾ ಹೋಯಿತು. "ನೋಡಿದ್ಯಾ!" ಎಂದರು. ಸಂಜೆ ನೀರು ಮತ್ತೆ ಏರಿದಾಗ, "ನಾಚಿಕೆ ಇಲ್ಲ ಇದಕ್ಕೆ," ಎಂದು ಎದ್ದು ಬಂದರು.

ಪಕ್ಕದ ಮನೆಯಾಕೆ ಮೀನು ಮಾರುವವಳು. ಅತ್ತೆ ಆಕೆಗೆ ಪ್ರೀತಿಯಿಂದ ಒಣ ಜೋಳದ ರೊಟ್ಟಿ ಕೊಟ್ಟರು. ಆಕೆ ತಿರುಗಿಸಿ ನೋಡಿ, ಮೂಸಿ, "ಲಾಯಕ್ಕಾಗಿ ಒಣಗಿದೆ. ಇದು ಯಾವ ಮೀನು ಅಮ್ಮಾ?" ಎಂದಳು! ಅತ್ತೆ ನಾಲ್ಕು ದಿನ ಆಕೆಯನ್ನು ಮಾತಾಡಿಸಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ, ಲೆಕ್ಕಕ್ಕಿಂತ ಮೊದಲೇ, ನನಗೆ ನೋವು ಶುರುವಾಯಿತು. ನಮ್ಮವರು ಊರಲ್ಲಿರಲಿಲ್ಲ. ಸೂಲಗಿತ್ತಿ ಇದ್ದದ್ದು ಹೊಳೆಯಾಚೆ. ಹೊಳೆ ತುಂಬಿತ್ತು.

"ದೋಣಿ ನಾನು ಬಿಡ್ತೆ," ಎಂದಳು ಪಕ್ಕದಾಕೆ. "ಆದ್ರೆ ಈ ಮಳೇಲಿ ನಾನು ಕರೆದ್ರೆ ಅವಳು ಬರೂದಿಲ್ಲ. ಮನೆಯವರೇ ಬರ್ಬೇಕು."

ಅತ್ತೆ ನನ್ನ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿಯವ್ವಾ," ಎಂದು ಮಳೆಗೆ ಇಳಿದೇಬಿಟ್ಟರು. ಪಕ್ಕದಾಕೆಯ ಮಗಳ ಕೈ ಹಿಡಿದು ನಾನು ಮಲಗಿದೆ. ನೋವಿಗಿಂತ ಹೆಚ್ಚಾಗಿ ಹೆದರಿಕೆ, ಆ ಹೊಳೆಯಲ್ಲಿ ಅತ್ತೆ!

ಆಚೆ ದಡದಲ್ಲಿ ಸೂಲಗಿತ್ತಿ ಒಲ್ಲೆ ಎಂದಳಂತೆ. "ಗದ್ದೆ ಬದುವಿನ ಮೇಲೆ ಓಡಾಡಿದ ಮುದುಕಿ ನಾನೇ ದೋಣ್ಯಾಗ ಕೂತು ಬಂದೀನಿ. ನೀರಿನ ದಂಡೇಲಿ ಹುಟ್ಟಿದ ನಿಂಗೇನು ಧಾಡಿ?" ಎಂದು ಅತ್ತೆ ಅವಳ ರಟ್ಟೆ ಹಿಡಿದೇ ಎಳೆತಂದರಂತೆ.

ಸರಿಯಾದ ಹೊತ್ತಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿ, ಮನೆ ಹಾರಿಹೋಗುವಂತೆ ಅತ್ತಿತು. ಇಬ್ಬರೂ ಕ್ಷೇಮ ಎಂದು ಸೂಲಗಿತ್ತಿ ಹೇಳಿದಾಗ ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಅತ್ತೆ ಒದ್ದೆ ಸೀರೆಯಲ್ಲೇ ನನ್ನ ತಲೆಯ ಬಳಿ ಕೂತರು. ನನ್ನ ಹಣೆಯ ಮೇಲೆ ಕೈ ಇಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

"ನಿನ್ನ ಗಂಡನಿಗಿಂತ ಮೊದಲು ನಂಗೊಬ್ಬಳು ಮಗಳು ಹುಟ್ಟಿದ್ಲು ಕಣವ್ವಾ. ಸೂಲಗಿತ್ತಿ ಬರೋದು ತಡ ಆತು. ಅಳಲೇ ಇಲ್ಲ, ಕೂಸು."

ನಮ್ಮವರಿಗೂ ಗೊತ್ತಿರದ ಮಾತು. ನಾನು ಏನಾದರೂ ಹೇಳುವಷ್ಟರಲ್ಲಿ, ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡೇ, ಅತ್ತೆ ಕೂತಲ್ಲೇ ನಿದ್ದೆಹೋದರು.