ಬಿಳಿ ಮಿಡತೆಗೆ ಯಾವ ಬೆಳಕು

ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಗಣಿತ ಕಲಿಸುವ ಸಿದ್ಧರಾಮ ಮಾಸ್ತರರಿಗೆ ಆ ರವಿವಾರ ಎದುರುಮನೆಯ ಇಂದುಬಾಯಿಯ ಹಿತ್ತಲಿನಲ್ಲಿ ಒಂದು ಬಿಳಿ ಮಿಡತೆ ಕಂಡಿತು. ನಿಂಬೆಗಿಡದ ಕಡ್ಡಿಗೆ ತಲೆಕೆಳಗಾಗಿ ಜೋತುಕೊಂಡಿತ್ತು. ಹಸಿರು ಮಿಡತೆ ಊರಿಗೆಲ್ಲ ಗೊತ್ತು. ಹಾಲಿನ ಕೆನೆಯಂಥದ್ದನ್ನು ಯಾರೂ ಕಂಡಿರಲಿಲ್ಲ.

ಮಾಸ್ತರರು ಒಂದು ವರ್ಷದಿಂದ ಹುಳುಹುಪ್ಪಟೆಗಳ ಫೋಟೋ ತೆಗೆಯುತ್ತಿದ್ದರು. ಅವರ ಮ್ಯಾಕ್ರೋ ಲೆನ್ಸಿನಲ್ಲಿ ಇರುವೆಯ ಮೀಸೆಯೂ ಬೆರಳುದ್ದ ಕಾಣುತ್ತಿತ್ತು. ವಿಜಯಪುರದ ಒಂದು ಕಾಲೇಜಿನವರು ಕೀಟಗಳ ಫೋಟೋ ಸ್ಪರ್ಧೆ ಇಟ್ಟಿದ್ದರು. ಅಂದು ಸಂಜೆ ಐದಕ್ಕೆ ಕೊನೆ. ಈ ಸಲ ತಮ್ಮ ಫೋಟೋ ಅಲ್ಲಿಯ ಗೋಡೆ ಏರುತ್ತದೆಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿ ತಿಂಗಳಾಗಿತ್ತು. ಏರುವಂಥ ಫೋಟೋ ಮಾತ್ರ ಇನ್ನೂ ಆಗಿರಲಿಲ್ಲ.

ಮಧ್ಯಾಹ್ನ ಕ್ಯಾಮೆರಾ ತಂದು ಮಂಡಿಯೂರುವಷ್ಟರಲ್ಲಿ ಇಂದುಬಾಯಿಯ ಗಂಡ, ನಿವೃತ್ತ ಹೆಡ್‌ಕ್ಲಾರ್ಕ್ ಬಸಂತರಾಯರು ಕುರ್ಚಿ ಸಮೇತ ಬಂದರು.

"ಫ್ಲಾಶ್ ಹಚ್ಚಬ್ಯಾಡ್ರಿ ಮಾಸ್ತರ. ಸೂರ್ಯಾ ಕೊಟ್ಟ ಬೆಳಕಿನಾಗ ಬಣ್ಣ ಇದ್ದದ್ದು ಇದ್ದಂಗ ಬರ್ತೈತಿ."

ಪಕ್ಕದ ಗೋಡೆಯ ಮೇಲೆ ಜೈನುದ್ದೀನನ ತಲೆ ಮೂಡಿತು. ಬಾಗೇವಾಡಿ ಸುತ್ತಲಿನ ಮದುವೆಗಳಿಗೆಲ್ಲ ಫೋಟೋ ತೆಗೆಯುವವನು ಅವನೇ.

"ಗಾಳಿ ಬೀಸಾಕತ್ತೈತಿ ಕಾಕಾ. ಕಡ್ಡಿ ಅಳ್ಳಾಡಿದ್ರ ಫೋಟೋ ಮಸುಕಾಗತೈತಿ. ಫ್ಲಾಶ್ ಮಿಂಚಿದ್ರ ಎಲ್ಲಾ ನಿಂತಲ್ಲೇ ನಿಲ್ತೈತಿ."

ಹಿತ್ತಲು ಬಸಂತರಾಯರದಾದ್ದರಿಂದ ಮಾಸ್ತರರು ಮೊದಲು ಅವರ ಮಾತು ಕೇಳಿದರು. ನಲವತ್ತು ಫೋಟೋಗಳಲ್ಲೂ ಮಿಡತೆ ಗೋಡೆಗೆ ಸಿಡಿದ ಮೊಸರಿನಂತೆ ಬಂತು. ಗಾಳಿ ತಡೆಯಲು ಇಂದುಬಾಯಿ ಚಾದರ ಹಿಡಿದು ನಿಂತರು. ಅದು ಗಾಳಿ ತುಂಬಿಕೊಂಡು ಬಸಂತರಾಯರನ್ನು ಕುರ್ಚಿ ಸಹಿತ ಸುತ್ತಿಕೊಂಡಿತು. ಅವರನ್ನು ಬಿಡಿಸುವಷ್ಟರಲ್ಲಿ ಬಿಸಿಲು ಬೇವಿನ ಮರದ ಆಚೆ ಸರಿದಿತ್ತು.

ಫ್ಲಾಶ್ ಹಚ್ಚಿದರೆ ಮಿಡತೆ ಬೆಳಗಿಟ್ಟ ಸ್ಟೀಲ್ ತಂಬಿಗೆಯಂತೆ ಹೊಳೆಯಿತು.

"ಬರೇ ಫ್ಲಾಶ್ ನಡ್ಯಾಂಗಿಲ್ರಿ, ಬೆಳಕು ಸೋಸಬೇಕು," ಎಂದು ಜೈನುದ್ದೀನ ಗೋಡೆ ಹಾರಿ ಬಂದ.

ಇಂದುಬಾಯಿ ಹಾಲು ಸೋಸುವ ಅರಿವೆ ತಂದುಕೊಟ್ಟರು. ಅವನು ಅದನ್ನು ಎರಡು ಪದರು ಮಾಡಿ ಫ್ಲಾಶಿನ ಮುಂದೆ ಕಟ್ಟಿದ. ಬೆಳಕು ಮೆತ್ತಗೆ ಹರಡಿತು. ಮಿಡತೆಯ ಕಾಲಿನ ಮುಳ್ಳುಗಳನ್ನು ಎಣಿಸಬಹುದಿತ್ತು.

"ಎರಡು ತಾಸಾತು, ಒಂದೀಟೂ ಅಳ್ಳಾಡಿಲ್ಲ ನೋಡ್ರಿ," ಎಂದ ಜೈನುದ್ದೀನ. "ಮದುಮಕ್ಕಳು ಹಿಂಗ ನಿಂತಿದ್ರ ನಾ ಎಂದೋ ದೊಡ್ಡ ಮನಶ್ಯಾ ಆಗ್ತಿದ್ದೆ."

ಬಸಂತರಾಯರು ಕುರ್ಚಿಯನ್ನು ಆಚೆ ತಿರುಗಿಸಿ ಕುಳಿತರು.

ಫೋಟೋ ಕಳಿಸಿದ ಅರ್ಧ ತಾಸಿಗೆ ಸ್ಪರ್ಧೆಯ ತೀರ್ಪುಗಾರರಾದ ನಿಷತ ಮೇಡಂ ಫೋನು ಮಾಡಿದರು.

"ಬೆಳಕು ಭಾಳ ಚಂದ ಐತ್ರಿ ಸರ್."

"ಹಾಲು ಸೋಸೂ ಅರಿವಿರಿ ಮೇಡಂ."

"ಆದ್ರ ಇದು ಮಿಡಚಿ ಅಲ್ರಿ. ಮಿಡಚಿ ಕಳಚಿ ಬಿಟ್ಟುಹೋದ ಪೊರಿ. ಒಳಗೇನೂ ಇಲ್ಲ. ನಮಗ ಜೀವಂತ ಕೀಟಾನ ಬೇಕ್ರಿ."

ಮಾಸ್ತರರು ಲೊಚಗುಟ್ಟಿದರು. ಮೇಡಂಗೆ ಮರುಕ ಬಂದಿರಬೇಕು.

"ಹೊಸಾ ರೆಕ್ಕಿ ಗಟ್ಟಿ ಆಗೂ ತನಕ ಅದು ದೂರ ಹೋಗೂದಿಲ್ಲ. ಅಲ್ಲೇ ಹುಡುಕ್ರಿ. ಐದರೊಳಗ ಕಳಸ್ರಿ."

ಮಾಸ್ತರರು ಓಡಿ ಬಂದು ಮುಟ್ಟಿದರೆ ಬಿಳಿ ಮಿಡತೆ ಉಳ್ಳಾಗಡ್ಡಿ ಸಿಪ್ಪೆಯಂತೆ ಬೆರಳಿಗಂಟಿ ಬಂತು. ಗೇಣು ದೂರದಲ್ಲಿ, ಎಲೆಯ ಕೆಳಗೆ, ಅದನ್ನು ಕಳಚಿಟ್ಟ ಹಸಿರು ಮಿಡತೆ ಕುಳಿತಿತ್ತು.

"ಎಲಿ ಕೆಳಗ ಕತ್ತಲ ಐತಿ, ಫ್ಲಾಶ್ ಬೇಕು," ಎಂದ ಜೈನುದ್ದೀನ. ಅಷ್ಟರಲ್ಲಿ ಇಂದುಬಾಯಿ ಅರಿವೆ ಬಿಚ್ಚಿಕೊಂಡು ಹೋಗಿ ಸಂಜೆಯ ಹಾಲು ಸೋಸಿಯಾಗಿತ್ತು.

"ಈಗರ ನನ್ನ ಮಾತ ಕೇಳ್ರಿ. ಗಾಳಿ ನಿಂತೈತಿ," ಎಂದು ಬಸಂತರಾಯರೇ ಎದ್ದು ಬಂದು ಕೊಂಬೆ ಸರಿಸಿ ಹಿಡಿದರು. ಇಳಿಬಿಸಿಲು ಓರೆಯಾಗಿ ಬಂದು ಮಿಡತೆಯ ಮೇಲೆ ಬಿತ್ತು. ಮಾಸ್ತರರು ಉಸಿರು ಹಿಡಿದು ಅದರ ಕಣ್ಣಿಗೆ ಗುರಿಯಿಟ್ಟು ಗುಂಡಿ ಒತ್ತಿದರು. ಒತ್ತುವಾಗ ಲೆನ್ಸಿನ ತುಂಬ ಏನೋ ಕೆಂಪಾಯಿತು.

ಜೈನುದ್ದೀನನ ಕೋಳಿಯೂ ಗೋಡೆ ಹಾರಿ ಬಂದಿತ್ತು. ಅದು ಮಿಡತೆಯನ್ನು ಗುಟುಕರಿಸಿ ಆಚೆ ನಡೆಯಿತು.

ಫೋಟೋದಲ್ಲಿ ಅದರ ಜುಟ್ಟಿನ ಒಂದೊಂದು ನೆರಿಗೆಯೂ ಸ್ಪಷ್ಟವಾಗಿತ್ತು. ಕೊಕ್ಕಿನ ಅಂಚಿನಲ್ಲಿ ಒಂದು ಹಸಿರು ಕಾಲು. ಗಂಟೆ ಐದಕ್ಕೆ ಮೂರು ನಿಮಿಷವಿತ್ತು. ಬೇರೇನೂ ಇಲ್ಲದ್ದಕ್ಕೆ ಮಾಸ್ತರರು ಅದನ್ನೇ ಕಳಿಸಿದರು.

ಉತ್ತರ ಬೇಗ ಬಂತು: "ನ್ಯಾಚುರಲ್ ಲೈಟಿನಾಗ ಭಾಳ ಚಂದ ಬಂದೈತ್ರಿ ಸರ್. ಆದ್ರ ಕೋಳಿ ಕೀಟ ಅಲ್ಲ."

ಬಸಂತರಾಯರು ಫೋನು ಇಸಿದುಕೊಂಡು ಮೊದಲ ಸಾಲನ್ನಷ್ಟೇ ಜೈನುದ್ದೀನನಿಗೆ ಗಟ್ಟಿಯಾಗಿ ಓದಿ ಹೇಳಿದರು.